ಭರಣಿಗೆ ಬಿದ್ದ ವಿಭೂತಿ

ಎಂ.ಕೆ. ಹುಬ್ಬಳ್ಳಿಯ ವಿರೂಪಾಕ್ಷಪ್ಪನವರು ತಮ್ಮ ಅರವತ್ತೊಂದು ವರ್ಷದ ಬಾಳಿನಲ್ಲಿ ಮನೆಮಂದಿಯ ಮಾತು ಮೀರಿ ಸ್ವಂತ ಬುದ್ಧಿ ಓಡಿಸಿದ್ದು ಎರಡೇ ಸಲ. ಮೊದಲನೆಯದು ಎಲ್ಲಿ ಓಡಿಸಬಾರದಿತ್ತೋ ಅಲ್ಲಿ, ಒಬ್ಬಳೇ ಮಗಳ ಮದುವೆಯಲ್ಲಿ.

ಮದುವೆಗೆ ಬಂದವರ ಕೈಗೆ ಎಲ್ಲರೂ ಕೊಡುವುದು ಸ್ಟೀಲಿನ ಬಟ್ಟಲು, ಇಲ್ಲವೇ ತೆಂಗಿನಕಾಯಿ. ಬಟ್ಟಲುಗಳು ಪ್ರತಿ ಮನೆಯ ಅಟ್ಟದ ಮೇಲೂ ರಾಶಿ ಬಿದ್ದಿವೆ, ಕಾಯಿ ಮೂರು ದಿನಕ್ಕೆ ಚಟ್ನಿಯಾಗಿ ಹೋಗುತ್ತದೆ, ನಾವು ಆರೋಗ್ಯ ಕೊಡೋಣ ಎಂದು ಅವರು ಹಟ ಹಿಡಿದರು. ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಕಬ್ಬಿನ ರಸ ಪರೀಕ್ಷೆ ಮಾಡಿದ ಮನುಷ್ಯನಿಗೆ ಎದುರು ಹೇಳುವವರು ಯಾರು? ಬೆಳಗಾವಿಯಿಂದ ಮುನ್ನೂರು ಡಬ್ಬಿ ಗಿಡಮೂಲಿಕೆ ಚಹಾ ಬಂತು. ಡಬ್ಬಿಯ ಮೇಲೆ ಕೆಂಪು ಹೂವು, ಒಳಗೆ ದಾರ ಕಟ್ಟಿದ ಇಪ್ಪತ್ತು ಪುಟ್ಟ ಚೀಲ. ಒಂದು ಚೀಲ ಬಿಸಿನೀರಿಗೆ ಬಿಟ್ಟರೆ ನೀರು ದಾಳಿಂಬೆ ರಸದ ಬಣ್ಣಕ್ಕೆ ತಿರುಗುತ್ತಿತ್ತು. ಇದಕ್ಕೆ ಹಾಲು ಹಾಕಬಾರದು ಎಂದು ಡಬ್ಬಿಯ ತಳದಲ್ಲಿ, ಇರುವೆ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಬರೆದಿತ್ತು. ನಮ್ಮ ಕಡೆ ಹಾಲಿಲ್ಲದ್ದನ್ನು ಚಹಾ ಅನ್ನುವುದಿಲ್ಲ ಎಂಬ ಸಂಗತಿ ಡಬ್ಬಿ ಮಾಡಿದವರಿಗೆ ಗೊತ್ತಿರಲಿಲ್ಲ. ವಿರೂಪಾಕ್ಷಪ್ಪನವರಿಗೆ ಗೊತ್ತಿತ್ತು, ಆದರೆ ಹೊಳೆಯಲಿಲ್ಲ.

ಮಗಳು ಐಶ್ವರ್ಯಾ ರಾಮದುರ್ಗದ ಗಂಡನ ಮನೆಗೆ ಹೋದ ಎರಡನೆಯ ಬೆಳಿಗ್ಗೆ ಅನಾಹುತವಾಯಿತು. ಮನೆ ತುಂಬ ನೆಂಟರು. ಹೊಸ ಸೊಸೆಯ ಕೈಯ ಮೊದಲ ಚಹಾ ಕುಡಿಯಬೇಕೆಂದು ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕುಳಿತಿದ್ದರು. ತವರಿನ ಮರ್ಯಾದೆ ಇರಲಿ ಎಂದು ಐಶ್ವರ್ಯಾ ಅಪ್ಪನ ಡಬ್ಬಿಯದೇ ಚೀಲಗಳನ್ನು ಪಾತೇಲಿಯ ನೀರಿಗೆ ಬಿಟ್ಟಳು. ಅವಳು ಸಕ್ಕರೆ ತರಲು ಒಳಗೆ ಹೋದಾಗ, ಪಾಪ, ಹುಡುಗಿ ಹಾಲು ಹಾಕುವುದನ್ನೇ ಮರೆತಿದ್ದಾಳೆಂದು ಯಾರೋ ಸೋದರತ್ತೆ ನಾಲ್ಕು ಲೀಟರ್ ಎಮ್ಮೆ ಹಾಲು ಸುರಿದರು. ಚೀಲದೊಳಗಿನ ಕೆಂಪು ಹೂವಿನ ಹುಳಿಗೆ ಹಾಲು ಅಲ್ಲೇ ಒಡೆದು ಗುಲಾಬಿ ಬಣ್ಣದ ಗಿಣ್ಣದಂತಾಯಿತು. ಸೋದರತ್ತೆ ಅಲ್ಲಿಂದ ಮೆಲ್ಲಗೆ ಜಾಗ ಖಾಲಿ ಮಾಡಿದರು. ಪಾತೇಲಿಯ ಮುಂದೆ ಸಕ್ಕರೆ ಡಬ್ಬಿ ಹಿಡಿದು ನಿಂತವಳು ಐಶ್ವರ್ಯಾ ಒಬ್ಬಳೇ.

ಹೊಸ ಸೊಸೆ ಮುಟ್ಟಿದ ಮೊದಲ ಹಾಲು ಒಡೆಯಿತು ಎಂಬ ಮಾತು ಮಧ್ಯಾಹ್ನದೊಳಗೆ ಓಣಿ ಸುತ್ತಿ ಬಂತು.

ಬೀಗರು ಬಸವಣ್ಣೆಪ್ಪ ಕೆಟ್ಟವರಲ್ಲ. ರಾಮದುರ್ಗದಲ್ಲಿ ಬಟ್ಟೆ ಅಂಗಡಿ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ನಗು. ಶಕುನ ಅಪಶಕುನ ಎಂದು ಹೆಂಗಸರು ಮೂಗೆಳೆದಾಗ ಅದನ್ನು ಹಗುರ ಮಾಡಬೇಕೆಂದೇ ಅವರು ತಮಾಷೆಗಿಳಿದರು. ಒಲೆಯ ಮೇಲೆ ಹಾಲಿದ್ದಾಗಲೆಲ್ಲ, "ಐಶ್ವರ್ಯಾ, ಚೂರು ದೂರ ನಿಂದ್ರವ್ವಾ, ಹಾಲು ನಿನಗ ಅಂಜತೈತಿ" ಅನ್ನುವರು. ಎಲ್ಲರೂ ನಗುವರು. ಐಶ್ವರ್ಯಾಳೂ ನಗುವಳು. ಫೋನಿನಲ್ಲಿ ಅಪ್ಪನಿಗೆ ಹೇಳುವಾಗಲೂ ನಗುತ್ತಲೇ ಹೇಳಿದಳು.

ಒಂದು ದಿನ ವಿರೂಪಾಕ್ಷಪ್ಪನವರು ಸುಮ್ಮನೆ ಕೇಳಿದರು. "ಮನ್ಯಾಗ ಚಾ ಯಾರು ಮಾಡತಾರವ್ವಾ?"

"ಅತ್ತಿ ಮಾಡತಾರಪ್ಪಾ. ನಾ ರೊಟ್ಟಿ ಬಡೀತೇನಿ."

"ಹಾಲು ಕಾಸೂದು?"

"ಅದೂ ಅತ್ತೀನ." ಮತ್ತೆ ಅವಳೇ ಅಂದಳು, "ನಾನ ಮುಟ್ಟಂಗಿಲ್ಲಪ್ಪಾ. ಮತ್ತೊಮ್ಮೆ ಒಡದ್ರ ಏನ್ ಹೇಳ್ಲಿ?"

ನಾಲ್ಕು ತಿಂಗಳಿಂದ ಹುಡುಗಿ ಹಾಲಿನ ಪಾತ್ರೆ ಮುಟ್ಟಿರಲಿಲ್ಲ. ಆ ದಿನ ವಿರೂಪಾಕ್ಷಪ್ಪನವರು ಫೋನಿಟ್ಟವರೇ ಅಟ್ಟ ಹತ್ತಿದರು. ಡಬ್ಬಿ ತಂದವರು ತಾವು, ಹೆಸರು ಬಿದ್ದದ್ದು ಮಗಳ ಮೇಲೆ. ಆ ಹೆಸರು ತೆಗೆಯದಿದ್ದರೆ ತಾವು ಅಪ್ಪನೇ ಅಲ್ಲ ಅನ್ನಿಸಿತು.

ಹೇಗೆ ತೆಗೆಯುವುದು? ಅಟ್ಟದ ಮೇಲೆ ಇನ್ನೂ ನೂರಾ ನಲವತ್ತು ಡಬ್ಬಿ ಉಳಿದಿದ್ದವು. ಮದುವೆಗೆ ಬಂದವರು ಕುರ್ಚಿಯ ಮೇಲೆ ಬಿಟ್ಟುಹೋದವು ಅವು. ನೆಂಟರಾದರೂ ಎಷ್ಟು ಜಾಣರು, ಎಲೆ ಅಡಿಕೆ ಮಾತ್ರ ಮರೆಯದೆ ಒಯ್ದಿದ್ದರು. ಆ ಡಬ್ಬಿಗಳನ್ನೇ ನೋಡುತ್ತ ಕುಳಿತಾಗ ಅವರಿಗೆ ಮದುವೆಯ ದಿನದ ಇನ್ನೊಂದು ಸಂಗತಿ ನೆನಪಾಯಿತು. ಕಲ್ಯಾಣ ಮಂಟಪದ ಹಿಂದೆ ಬೀಗರು ಅವರನ್ನು ಪಕ್ಕಕ್ಕೆ ಕರೆದು, ಜೇಬಿನಿಂದ ಕೆಮ್ಮಿನ ಔಷಧದ ಬಾಟಲಿ ತೆಗೆದು, ಎರಡು ಮುಚ್ಚಳ ಗುಟುಕರಿಸಿದ್ದರು. "ವೈನ್ ರೀ ಬೀಗರ. ಎದಿಗೆ ಚಲೋ ಅಂತ ಡಾಕ್ಟರ್ ಹೇಳ್ಯಾರ. ಯಾರ ಮುಂದೂ ಅನಬ್ಯಾಡ್ರಿ" ಎಂದು ಕಣ್ಣು ಹೊಡೆದಿದ್ದರು. ಲಿಂಗ ಕಟ್ಟಿದ ಕೊರಳಲ್ಲಿ ಅದು ಇಳಿಯುವುದನ್ನು ಕಂಡು ವಿರೂಪಾಕ್ಷಪ್ಪನವರಿಗೇ ಕೆಮ್ಮು ಬಂದಿತ್ತು.

ಅದೇ ವಾರ ಫೋನಿನಲ್ಲಿ ಯಾವುದೋ ದೇಶದ ಹೆಂಗಸೊಬ್ಬಳು ಚಹಾ ಚೀಲ, ಹಣ್ಣು, ಸಕ್ಕರೆ ಸೇರಿಸಿ ವೈನ್ ಮಾಡುವುದನ್ನು ತೋರಿಸಿದಳು. ಚೀಲದ ಮೇಲೆ ಅದೇ ಕೆಂಪು ಹೂವು. ವಿರೂಪಾಕ್ಷಪ್ಪನವರು ಎದ್ದು ಕುಳಿತರು. ಬರುವ ಪಂಚಮಿಗೆ ಮಗಳನ್ನು ಕರೆದುಕೊಂಡು ಬೀಗರೇ ಬರುವವರಿದ್ದರು. ಯಾವ ಚಹಾದಿಂದ ಮಗಳನ್ನು ಆಡಿಕೊಂಡು ನಕ್ಕರೋ ಅದನ್ನೇ ಅವರ ಗಂಟಲಿಗೆ ಇಳಿಸಿ, ವಾಹ್ ಅನ್ನಿಸಿ, ಆಮೇಲೆ ಡಬ್ಬಿ ತೋರಿಸಬೇಕು. ಎರಡನೆಯ ಸಲ ಸ್ವಂತ ಬುದ್ಧಿ ಓಡಿತು.

ಕಾರಹುಣ್ಣಿಮೆ ಕಳೆದ ಮೂರನೆಯ ದಿನ ಕೆಲಸಕ್ಕೆ ಕೈ ಹಾಕಿದರು. ಹಣ್ಣು ಕೊಟ್ಟವನು ಗೆಳೆಯ ಪರಸಪ್ಪ. ಕಾರ್ಖಾನೆಗೆ ಚಕ್ಕಡಿಯಲ್ಲಿ ಕಬ್ಬು ಹೊಡೆಯುತ್ತಿದ್ದ ಕಾಲದಿಂದ ಪರಿಚಯ, ಈಗ ಮಲಪ್ರಭೆಯ ದಂಡೆಗೆ ಎರಡೆಕರೆ ಹೊಲ, ಹೊಲದ ಬದುವಿನಲ್ಲಿ ಒಂದು ನೇರಳೆ ಮರ. ಒಂದು ಬುಟ್ಟಿ ನೇರಳೆ ಹಣ್ಣು ಹೊತ್ತು ತಂದು, ಯಾತಕ್ಕೆಂದು ಕೇಳಿ ತಿಳಿದ ಮೇಲೆ ಅವನು ಹಣೆ ಚಚ್ಚಿಕೊಂಡ.

"ಅಲ್ರೀ ಅಣ್ಣಾರ, ನೀವು ಹುಟ್ಟಿದಾಗಿಂದ ಮುಟ್ಟಿಲ್ಲ. ನಾ ಯಲ್ಲಮ್ಮನ ಮುಂದ ಆಣಿ ಮಾಡಿ ಬಿಟ್ಟು ಹನ್ನೊಂದು ವರ್ಷ ಆತು. ರುಚಿ ನೋಡಾವ್ರ್ಯಾರು?"

"ರುಚಿ ಯಾಕ ಬೇಕೋ? ಲೆಕ್ಕ ಐತಿ, ಮಾಪು ಐತಿ."

"ಮಾಪಿಗೆ ನಾಲಿಗಿ ಇಲ್ರಿ." ಆಮೇಲೆ ಬುಟ್ಟಿ ಇಳಿಸಿ ಕುಳಿತ. "ಇರ್ಲಿ. ಕುಡ್ಯೂದು ಬಿಟ್ಟೇನಿ, ಮೂಗು ಬಿಟ್ಟಿಲ್ಲ. ವಾಸನಿ ನೋಡಿ ಹೇಳತೇನಿ."

ಎಂಬತ್ತು ಚೀಲಗಳ ದಾರ ಮತ್ತು ಪಿನ್ನು ಕಿತ್ತು ಅವನ್ನು ಬಿಸಿನೀರಿನಲ್ಲಿ ನೆನೆಹಾಕಿದರು. ನೇರಳೆ ಹಣ್ಣು ಕಿವುಚಿ ಬೀಜ ತೆಗೆದರು. ಪರಸಪ್ಪನ ಅಂಗೈ ಎಂಟು ದಿನ ನೀಲಿಯಾಗಿಯೇ ಇತ್ತು. ಸಕ್ಕರೆ ಕರಗಿಸಿ, ಕಾರ್ಖಾನೆಯವರು ಬೀಳ್ಕೊಡುವಾಗ ನೆನಪಿಗೆಂದು ಕೊಟ್ಟ, ರಸದ ಸಿಹಿ ಅಳೆಯುವ ಗಾಜಿನ ಮಾಪು ತೇಲಿಬಿಟ್ಟು, ಇಪ್ಪತ್ತೆರಡರ ಗೆರೆ ಮುಟ್ಟಿದಾಗ ವಿರೂಪಾಕ್ಷಪ್ಪನವರ ಮುಖದಲ್ಲಿ ಹಳೆಯ ಕಳೆ ಬಂತು. ಉಗುರುಬೆಚ್ಚಗಾದ ಮೇಲೆ ಬೇಕರಿಯಿಂದ ತಂದ ಈಸ್ಟು ಬಿಟ್ಟರು. ದೊಡ್ಡ ಗಾಜಿನ ಭರಣಿ ತುಂಬಿತು. ಮುಚ್ಚಳಕ್ಕೆ ತೂತು, ತೂತಿಗೆ ಸಲೈನಿನ ನಳಿಗೆ, ನಳಿಗೆಯ ತುದಿ ನೀರಿನ ಬಾಟಲಿಯೊಳಗೆ. ಒಳಗಿನ ಗಾಳಿ ಹೊರಗೆ ಹೋಗಬೇಕು, ಹೊರಗಿನದು ಒಳಗೆ ಬರಬಾರದು.

ಭರಣಿಗೆ ಕತ್ತಲೆಯೂ ತಂಪೂ ಬೇಕು. ಮನೆಯಲ್ಲಿ ಅಂಥ ಜಾಗ ಒಂದೇ, ದೇವರ ಕೋಣೆಗೆ ಅಂಟಿದ ಕಿರುಕೋಣೆ. ಹೆಂಡತಿ ರಾಜೇಶ್ವರಿ, "ನನಗೇನೂ ಗೊತ್ತಿಲ್ಲ, ನಾ ಏನೂ ನೋಡಿಲ್ಲ" ಎಂದು ಮೊದಲೇ ಕೈ ತೊಳೆದುಕೊಂಡಳು. ತೊಡಕು ಇದ್ದದ್ದು ತಾಯಿ ಸಿದ್ದಲಿಂಗವ್ವನದು. ಎಂಬತ್ತೆರಡರ ಆ ಮುದುಕಿ ದಿನಕ್ಕೆ ಮೂರು ಹೊತ್ತು ಲಿಂಗಪೂಜೆಗೆ ಕೂರುವುದು ಆ ಕಿರುಕೋಣೆಯ ಗೋಡೆಗೆ ಬೆನ್ನು ಕೊಟ್ಟೇ.

"ಇದೇನೋ ವಿರೂಪಾಕ್ಷಿ, ಒಳಗ ಯಾರೋ ಉಸುರು ಬಿಟ್ಟಂಗ ಗುಳುಕ್ ಗುಳುಕ್ ಅಂತೈತಿ?"

"ಮೊಣಕಾಲಿನ ಔಷಧ ಐತಿ ಯವ್ವಾ. ಕಷಾಯ."

"ನಿನ್ನ ಮೊಣಕಾಲು ಯಾವಾಗಿಂದ ಬ್ಯಾನಿ ಆಗಾಕತ್ತು?"

"ಇನ್ನ ಮ್ಯಾಲೆ ಆಗಬಹುದು ಅಂತ ಮೊದಲ ಮಾಡಿಟ್ಟೇನಿ."

ಸಿದ್ದಲಿಂಗವ್ವ ಮಗನ ಮುಖವನ್ನು ಒಂದು ಗಳಿಗೆ ನೋಡಿ, ಮತ್ತೆ ಕಣ್ಣು ಮುಚ್ಚಿ ಕುಳಿತರು. ಮೂಗಿನ ಹೊಳ್ಳೆಗಳು ಮಾತ್ರ ಸ್ವಲ್ಪ ಅರಳಿದ್ದವು. "ಪುಂಡಿಪಲ್ಯದ ವಾಸನಿ ಬರತೈತಿ" ಅಂದರು. ಆ ಕೆಂಪು ಹೂವು ಹುಳಿಸೊಪ್ಪಾದ ಪುಂಡಿಯ ದಾಯಾದಿಯೇ ಎಂದು ವಿರೂಪಾಕ್ಷಪ್ಪನವರಿಗೆ ಆಗಷ್ಟೇ ಹೊಳೆಯಿತು. ಹಿತ್ತಲಿನಲ್ಲಿ ಬೆಳೆಯುವುದನ್ನು ಅವರು ದಾರ ಕಟ್ಟಿಸಿ ಬೆಳಗಾವಿಯಿಂದ ತರಿಸಿದ್ದರು.

ಐದು ವಾರ ಕಳೆದವು. ಗುಳುಕು ನಿಂತಿತು. ಪಂಚಮಿಗೆ ಇನ್ನು ಹನ್ನೆರಡು ದಿನ. ವಿರೂಪಾಕ್ಷಪ್ಪನವರು ಹುಳಿ ತೋರಿಸುವ ಲ್ಯಾಬಿನ ಬಣ್ಣದ ಕಾಗದವನ್ನು ಅದ್ದಿ ನೋಡಿದರು. ಹುಳಿ, ಮಿತಿ ಮೀರಿದ ಹುಳಿ. ಮೇಲಾಗಿ ರಸ ಮಬ್ಬಾಗಿ, ಮಳೆಗಾಲದ ಹೊಳೆಯಂತೆ ಕಲಕಿಕೊಂಡಿತ್ತು. ಪರಸಪ್ಪ ಬಂದು ಭರಣಿಯ ಬಾಯಿಗೆ ಮೂಗಿಟ್ಟು, ಕಣ್ಣಲ್ಲಿ ನೀರು ತಂದುಕೊಂಡು ಹಿಂದೆ ಸರಿದ.

"ಅಣ್ಣಾರ, ಇದನ್ನ ಕುಡದ್ರ ಬೀಗರ ಹಲ್ಲು ಜುಮ್ ಅಂತಾವು. ನಾಲ್ಕು ಲೀಟರ್ ಹಾಲು ಸುಮ್ಮನ ಒಡದಿದ್ದಿಲ್ಲ ಬಿಡ್ರಿ."

"ಸಕ್ಕರಿ ಹಾಕಿದ್ರ?"

"ಮತ್ತ ಉಕ್ಕತೈತಿ. ಹುಳಿ ಹುಳೀನ, ಸಿಹಿ ಸಿಹೀನ."

ಇದನ್ನು ಬೀಗರ ಮುಂದೆ ಇಟ್ಟರೆ ಆಗುವುದು ಕಣ್ಣಿಗೆ ಕಟ್ಟಿತು. ಮಗಳು ಹಾಲು ಒಡೆಸಿದಳು, ಅಪ್ಪ ಹೊಟ್ಟೆ ಒಡೆಸಿದ ಅನ್ನುತ್ತಾರೆ. ಹೆಸರು ತೆಗೆಯಲು ಹೋಗಿ ಇನ್ನೊಂದು ಹೆಸರು ಅಂಟಿಸಿದಂತೆ. ಚೆಲ್ಲಿಬಿಡುವುದೇ ಸರಿ ಎಂದು ಎರಡು ಸಲ ಭರಣಿ ಎತ್ತಿದರು, ಎರಡು ಸಲ ಇಳಿಸಿದರು. ಕಡೆಗೆ ನಾಳೆ ನೋಡೋಣ ಎಂದು ಕಿತ್ತೂರಿಗೆ ಪಿಂಚಣಿಯ ಕಾಗದದ ಕೆಲಸಕ್ಕೆ ಹೊರಟರು.

ಮಧ್ಯಾಹ್ನ ಮರಳಿದಾಗ ಹೊಸ್ತಿಲಲ್ಲೇ ರಾಜೇಶ್ವರಿ ನಿಂತಿದ್ದಳು. ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಕಿರುಕೋಣೆಯಿಂದ ಗುಲಾಬಿ ಬಣ್ಣದ ನೊರೆ ಹರಿದು ಪಡಸಾಲೆಯ ಅರ್ಧಕ್ಕೆ ಬಂದಿತ್ತು. ಅದರ ದಡದಲ್ಲಿ ಮಣೆ ಹಾಕಿಕೊಂಡು ಸಿದ್ದಲಿಂಗವ್ವ ಕುಳಿತಿದ್ದರು. ಭರಣಿಯ ಮುಚ್ಚಳ ಅವರ ತೊಡೆಯ ಮೇಲಿತ್ತು, ಬೆರಳುಗಳೆಲ್ಲ ಬೂದಿ.

"ಯವ್ವಾ, ಏನು ಮಾಡಿದಿ?"

"ವಿಭೂತಿ ಹಾಕಿದೆ."

"ವಿಭೂತಿ?"

"ಇಡೀ ಗಟ್ಟಿ ಪುಡಿ ಮಾಡಿ ಹಾಕಿದೆ. ನೀ ನನ್ನ ಕಣ್ಣಿಗೆ ಮಣ್ಣು ಹಾಕ್ತಿ, ದೇವರ ಕಣ್ಣಿಗೆ ಹಾಕ್ತೀಯೇನು? ಹೆಂಡ ಅದು. ದೇವರ ಕ್ವಾಣಿ ಮಗ್ಗಲಾಗ ಹೆಂಡ ಇಟ್ಟು ಕಷಾಯ ಅಂತಿ." ಮುದುಕಿಯ ದನಿ ಏರಲಿಲ್ಲ. "ಚೆಲ್ಲೋಣ ಅಂದ್ರ ಭರಣಿ ಎತ್ತಾಕ ಆಗಲಿಲ್ಲ. ಅದಕ್ಕ ಶಿವನ ಹೆಸರು ಹೇಳಿ ಹಾಕಿದೆ. ಹ್ಯಾಂಗ ಕುದೀತು ನೋಡಬೇಕಿತ್ತು ನೀ. ಒಳಗಿನ ಪಾಪ ಎಲ್ಲಾ ಹೊರಗ ಬಂತು."

ವಿರೂಪಾಕ್ಷಪ್ಪನವರು ಪಾಪದೊಳಗೆ ಕಾಲಿಡದಂತೆ ಗೋಡೆ ಹಿಡಿದು ಕಿರುಕೋಣೆಗೆ ಹೋದರು. ಐದು ವಾರದ ಕೆಲಸ, ಮುಗಿಯಿತು ಅಂದುಕೊಂಡರು. ಆದರೆ ಭರಣಿಯ ಮುಕ್ಕಾಲು ಪಾಲು ಇನ್ನೂ ಉಳಿದಿತ್ತು. ಮೂವತ್ತೊಂದು ವರ್ಷದ ಅಭ್ಯಾಸ, ಕೈ ತಾನಾಗಿ ಜೇಬಿನ ಬಣ್ಣದ ಕಾಗದಕ್ಕೆ ಹೋಯಿತು. ಅದ್ದಿದರು. ಕಿಟಕಿಯ ಬೆಳಕಿಗೆ ಹಿಡಿದರು. ಇನ್ನೊಂದು ಕಾಗದ ಅದ್ದಿದರು.

ಹುಳಿ ಇಳಿದಿತ್ತು. ಎಷ್ಟು ಬೇಕೋ ಅಷ್ಟೇ ಉಳಿದಿತ್ತು.

ಅವರು ಅಲ್ಲೇ ನೆಲಕ್ಕೆ ಕುಳಿತರು. ಕಾರ್ಖಾನೆಯಲ್ಲಿ ಕಬ್ಬಿನ ರಸಕ್ಕೆ ಏನು ಹಾಕುತ್ತಾರೆ? ಸುಣ್ಣ. ಸುಣ್ಣ ಬಿದ್ದೊಡನೆ ಹುಳಿ ಸಾಯುತ್ತದೆ, ಕೊಳೆ ತಳಕ್ಕೆ ಕೂರುತ್ತದೆ, ತಿಳಿ ಮೇಲೆ ನಿಲ್ಲುತ್ತದೆ. ಮೂವತ್ತೊಂದು ವರ್ಷ, ದಿನಕ್ಕೆ ಹತ್ತು ಸಲ ಅದನ್ನು ಅಳೆದವರು ಅವರೇ. ವೈನ್ ಎಂಬ ದೊಡ್ಡ ಹೆಸರು ಕೇಳಿ ಎಲ್ಲ ಮರೆತು ಕುಳಿತಿದ್ದರು. ವಿಭೂತಿಯ ಬೂದಿಯೂ ಸುಣ್ಣವೂ ಮಾಡುವ ಕೆಲಸ ಒಂದೇ. ಅವ್ವ ಪಾಪ ತೆಗೆಯಲು ಹೋಗಿ ಹುಳಿ ತೆಗೆದಿದ್ದರು. ಹೊಟ್ಟೆಯಿಂದ ನಗು ಉಕ್ಕಿ ಬಂತು. ಅದನ್ನು ಕಂಡು ರಾಜೇಶ್ವರಿಯ ಬಾಯಿಂದ ಸೆರಗೂ ಜಾರಿತು. ಸಿದ್ದಲಿಂಗವ್ವ ಮಾತ್ರ ಗಂಭೀರವಾಗಿ ಮಣೆ ಎತ್ತಿಕೊಂಡು ದೇವರ ಕೋಣೆಗೆ ನಡೆದರು.

"ಈಗ ಅದು ಹೆಂಡ ಅಲ್ಲ. ಇರ್ಲಿ ಬಿಡು" ಎಂದು ಒಳಗಿಂದ ಅಪ್ಪಣೆ ಬಂತು.

ಹತ್ತು ದಿನದಲ್ಲಿ ಬೂದಿ ತಳ ಹಿಡಿಯಿತು. ಮೇಲೆ ನಿಂತದ್ದು ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು. ಕೆಂಪೂ ಅಲ್ಲ, ನೇರಳೆಯೂ ಅಲ್ಲ, ಇಳಕಲ್ ಸೀರೆಯ ಸೆರಗಿನ ಬಣ್ಣ. ಪರಸಪ್ಪ ಮೂಗಿಟ್ಟು, ಇನ್ನೊಮ್ಮೆ ಇಟ್ಟು, "ಇನ್ನ ಮುಂದ ನನ್ನ ಕರೀಬ್ಯಾಡ್ರಿ ಅಣ್ಣಾರ, ಆಣಿ ಅಳ್ಳಾಡಾಕತ್ತೈತಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿರಲಿಲ್ಲ.

ಹಬ್ಬದ ಮೊದಲ ದಿನ, ರೊಟ್ಟಿ ಪಂಚಮಿಯ ಮಧ್ಯಾಹ್ನ ಬೀಗರ ಕಾರು ಬಂತು. ಐಶ್ವರ್ಯಾ ಇಳಿದವಳೇ ಬೇವಿನ ಮರಕ್ಕೆ ಕಟ್ಟಿದ್ದ ಜೋಕಾಲಿಯ ಕಡೆ ಓಡಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹತ್ತು ಬಗೆಯ ಪಲ್ಯ, ಶೇಂಗಾ ಉಂಡಿ. ಊಟ ಮುಗಿದ ಮೇಲೆ ವಿರೂಪಾಕ್ಷಪ್ಪನವರು ಬೀಗರನ್ನು ಹಿಂದಿನ ಕಟ್ಟೆಗೆ ಕರೆದುಕೊಂಡು ಹೋಗಿ, ಗಾಜಿನ ಲೋಟದಲ್ಲಿ ಅರ್ಧ ಸುರಿದು ಮುಂದಿಟ್ಟರು. ತಾವು ಮಾಡಿದ್ದರ ರುಚಿ ತಮಗೇ ಗೊತ್ತಿಲ್ಲ.

"ಎದಿಗೆ ಚಲೋ ಅಂತ ಡಾಕ್ಟರ್ ಹೇಳ್ಯಾರ ಅಂದಿದ್ರೆಲ್ಲಾ. ತಗೋರಿ."

ಬಸವಣ್ಣೆಪ್ಪ ಸುತ್ತಮುತ್ತ ನೋಡಿ ಒಂದು ಗುಟುಕು ಹಾಕಿದರು. ಎರಡನೆಯದು ನಿಧಾನವಾಗಿ ಹಾಕಿದರು. ಸದಾ ನಗುವ ಆ ಮುಖ ಒಮ್ಮೆ ನಗದೆ ಇದ್ದದ್ದನ್ನು ವಿರೂಪಾಕ್ಷಪ್ಪನವರು ಕಂಡದ್ದು ಆವಾಗಲೇ. ಲೋಟ ಬರಿದಾಯಿತು.

"ಎಲ್ಲಿಂದ ತರಿಸಿದ್ರಿ ಬೀಗರ? ನಾ ಇಂಥಾದ್ದು ಕುಡದಿಲ್ಲ. ಖರೇ ಹೇಳತೇನಿ."

ವಿರೂಪಾಕ್ಷಪ್ಪನವರು ಬೆನ್ನ ಹಿಂದಿನಿಂದ ಕೆಂಪು ಹೂವಿನ ಡಬ್ಬಿ ತೆಗೆದು ಲೋಟದ ಪಕ್ಕಕ್ಕೆ ಇಟ್ಟರು. ತಿಂಗಳುಗಟ್ಟಲೆ ಕಲಿತಿಟ್ಟ ಚುಚ್ಚುಮಾತು ಆ ಹೊತ್ತಿಗೆ ನಾಲಿಗೆಗೆ ಬರಲೇ ಇಲ್ಲ. ಬಂದದ್ದು ಬೇರೆ.

"ಇದ ನೋಡ್ರಿ, ನಿಮ್ಮ ಮನ್ಯಾಗ ಹಾಲು ಒಡಿಸಿದ್ದು. ತಪ್ಪು ಚಾದ್ದು ಅಲ್ಲ, ಹುಡುಗೀದೂ ಅಲ್ಲ. ತಪ್ಪು ನಂದು. ಆಕಿ ಆರು ತಿಂಗಳಾತು, ಅಂಜಿ ಹಾಲಿನ ಪಾತ್ರಿ ಮುಟ್ಟಿಲ್ಲ ಬೀಗರ."

ಬಸವಣ್ಣೆಪ್ಪ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಮುಟ್ಟಿಲ್ಲ? ನಾ ಚ್ಯಾಷ್ಟಿ ಮಾಡತಿದ್ದೆ. ಆಕೀನೂ ನಗತಿದ್ಲು."

"ನಗತಾಳ್ರಿ. ನನ್ನ ಮುಂದೂ ನಗತಾಳ."

ಜೋಕಾಲಿಯ ಕಡೆಯಿಂದ ಹೆಂಗಸರ ಕೇಕೆ ಕೇಳುತ್ತಿತ್ತು. ಬಸವಣ್ಣೆಪ್ಪ ಆ ಕಡೆ ತಿರುಗಿ ನೋಡಿದರು. ಆಮೇಲೆ ಲೋಟ ಮುಂದೆ ಸರಿಸಿದರು. "ಇನ್ನೊಂದು ಚೂರು ಹಾಕ್ರಿ. ಅಲ್ಲಾ, ಆ ಹಾಳು ಹುಳಿ ಹ್ಯಾಂಗ ತಗದ್ರಿ?"

ವಿಭೂತಿಯ ಕತೆ ಕೇಳಿ ಅವರ ಹೊಟ್ಟೆ ಕುಣಿಯಿತು. ಅಷ್ಟರಲ್ಲಿ ಸಿದ್ದಲಿಂಗವ್ವ ಕೋಲೂರಿಕೊಂಡು ಕಟ್ಟೆಗೆ ಬಂದರು. ಬೀಗರು ಲೋಟವನ್ನು ಧೋತರದ ಮರೆಗೆ ಸರಿಸಿ ಕೈಮುಗಿದರು.

"ಅಮ್ಮಾರ, ಪಾಪ ತಗ್ಯಾಕ ಒಂದು ಚಿಟಿಕಿ ಸಾಕಾಗಿತ್ತಲ್ರಿ. ಇಡೀ ಗಟ್ಟಿ ಯಾಕ ಹಾಕಿದ್ರಿ?"

"ಒಂದು ಚಿಟಿಕೀಲೆ ಅಷ್ಟು ಹುಳಿ ಹೋಗತಿತ್ತೇನಪಾ?" ಅಂದರು ಸಿದ್ದಲಿಂಗವ್ವ. "ಸಣ್ಣಾಕಿದ್ದಾಗ ಹುಣಸಿಕಾಯಿಗೆ ಸುಣ್ಣ ಹಚ್ಚಿ ತಿಂದಾಕಿ ನಾ. ಎಷ್ಟು ಹುಳಿಗೆ ಎಷ್ಟು ಬೇಕು, ನನಗ ಗೊತ್ತಿಲ್ಲೇನು?"

ವಿರೂಪಾಕ್ಷಪ್ಪನವರು ತಲೆಯೆತ್ತಿದರು. "ಯವ್ವಾ, ಹುಳಿ ಐತಿ ಅಂತ ನಿನಗ ಹ್ಯಾಂಗ ಗೊತ್ತಾತು? ನಾ ಹೇಳಿದ್ದಿಲ್ಲ."

ಮುದುಕಿ ಸೆರಗು ಸರಿಮಾಡಿಕೊಂಡರು. ಆಕಾಶ ನೋಡಿದರು. ಮಳೆ ಬರುವ ಲಕ್ಷಣವಿಲ್ಲ ಎಂದು ಖಾತ್ರಿ ಮಾಡಿಕೊಂಡರು.

"ಬಟ್ಟು ಅದ್ದಿ ನೆಕ್ಕಿ ನೋಡಿದೆ. ಒಂದ ಬಟ್ಟು" ಅಂದರು. "ಆಮ್ಯಾಲೆ ಸರಿ ಆತೋ ಇಲ್ಲೋ ಅಂತ ಇನ್ನೊಂದು." ಕೋಲೂರಿ ಬಂದ ದಾರಿಯಲ್ಲೇ ತಿರುಗಿ ಹೋದರು.

ಸಂಜೆಗೆ ಹೊರಡಬೇಕಿದ್ದ ಬಸವಣ್ಣೆಪ್ಪ ಹೊರಡಲಿಲ್ಲ. ಕುಡಿದು ಕಾಲು ಸರಿಯಿಲ್ಲವೆಂದಲ್ಲ, ನಾಳೆ ಒಂದು ಕೆಲಸವಿದೆ ಎಂದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಮಿಂದು, ಹಣೆ ತುಂಬ ವಿಭೂತಿ ಹಚ್ಚಿ, ಹಾಲೆರೆಯುವ ಮಣ್ಣಿನ ನಾಗಪ್ಪನ ಮುಂದೆ ಬಂದು ಕುಳಿತರು. ರಾಜೇಶ್ವರಿ ಹಾಲಿನ ತಂಬಿಗೆ ತಂದಳು. ಪ್ರತಿ ವರ್ಷ ಮನೆಯ ಒಬ್ಬೊಬ್ಬರ ಹೆಸರು ಹೇಳಿ, ಅವರವರ ಪಾಲಿನ ಹಾಲು ಎರೆಯುವುದು ಐಶ್ವರ್ಯಾಳ ಕೆಲಸ. ಈ ಸಲ ಅವಳು ಮಾವನವರನ್ನು ಕಂಡು ಹಿಂದೆ ಸರಿದು, "ಅವ್ವಾ, ನೀ ಎರಿ" ಅಂದಳು.

"ಅವ್ವ ಯಾಕ ಎರೀಬೇಕು?" ಬಸವಣ್ಣೆಪ್ಪ ರಾಜೇಶ್ವರಿಯ ಕೈಯಿಂದ ತಂಬಿಗೆ ತೆಗೆದುಕೊಂಡು ಸೊಸೆಯ ಎರಡೂ ಕೈಗಳಲ್ಲಿ ಇಟ್ಟರು. "ಮೊದಲ ನಿನ್ನ ಪಾಲು ಎರಿ. ಆಮ್ಯಾಲೆ ನಿಮ್ಮಪ್ಪಂದು. ಆಮ್ಯಾಲೆ ನಂದು ಎರೀಬೇಕವ್ವಾ, ನಿನ್ನ ಕೈಲೆ. ಊರಿಗೆ ಹೋದ ಮ್ಯಾಲೆ ಹಾಲಿನ ಗಡಿಗಿ, ಚಾದ ಪಾತೇಲಿ, ಎಲ್ಲಾ ನಿಂದ. ನಾ ಇನ್ನ ಅಂಥಾ ಮಾತು ಆಡಂಗಿಲ್ಲ."

ಐಶ್ವರ್ಯಾ ಅಪ್ಪನ ಕಡೆ ನೋಡಿದಳು. ಅಪ್ಪ ಧೋತರದ ಚುಂಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಅವಳು ತಂಬಿಗೆ ಬಗ್ಗಿಸಿದಳು. "ನನ್ನ ಪಾಲು" ಅಂದಳು. "ಅಪ್ಪನ ಪಾಲು." ಮೂರನೆಯ ಸಲ ಅವಳ ದನಿ ಅಂಗಳದಾಚೆಗೂ ಕೇಳಿಸಿತು. "ಮಾವನ ಪಾಲು."

ಹಾಲು ಬೆಳ್ಳಗೆ, ಎಳೆ ಕಡಿಯದೆ, ನಾಗಪ್ಪನ ಹೆಡೆಯ ಮೇಲಿಂದ ಇಳಿಯಿತು.